ತಲೆಕೆಳಗಾದ ಮಂಗಳವಾರ

ಅಡುಗೆಮನೆ ಗೋಡೆಯ ಹೂವಿನ ಕಾಗದ
ತೇವಕ್ಕೆ ಉಬ್ಬಿ ತಾನಾಗಿಯೇ ಬಾಯಿಬಿಟ್ಟಿತು.
ಎಳೆದೆ. ಹೂವಿನಡಿ ಪಟ್ಟೆ, ಪಟ್ಟೆಯಡಿ ಇನ್ನೊಂದು ಹೂವು,
ಅದರಡಿ, ಹಲಗೆಸಂದಿಯ ಗಾಳಿಗೆ ಅಡ್ಡ ನಿಂತು
ಎಪ್ಪತ್ತೈದು ವರ್ಷ ಉಸಿರು ಬಿಗಿಹಿಡಿದಿದ್ದ
ದಿನಪತ್ರಿಕೆ, ‘ಎಲ್ ಆಂಕ್ಲಾ’,
ಜೂನ್ ಹದಿನಾಲ್ಕು, ಸಾವಿರದ ಒಂಬೈನೂರ ನಲವತ್ತೊಂಬತ್ತು, ಮಂಗಳವಾರ.
ಬೆಲೆ ಒಂದು ಪೆಸೊ. ಅಂಟು ನಮ್ಮ ತಾತನದು.

ತಾತ ಎಲ್ಯುತೇರಿಯೊ ದೋಣಿ ಕಟ್ಟುವವ.
ಅವನು ಹಲಗೆಗೆ ಹಲಗೆ ಕೂಡಿಸಿದರೆ ಸಮುದ್ರಕ್ಕೂ ಸಂದಿ ಸಿಗದು.
ಪತ್ರಿಕೆಯನ್ನು ಮಾತ್ರ ಯಾಕೋ ತಲೆಕೆಳಗಾಗಿ ಅಂಟಿಸಿದ್ದ.
ಮೇಜಿನ ಮೇಲೆ ಅಂಗಾತ ಮಲಗಿ, ಕುತ್ತಿಗೆ ಜೋಲುಬಿಟ್ಟು,
ಬಾವಲಿಯ ಹಾಗೆ ಓದತೊಡಗಿದೆ ಚಿಲೊಯೆ ದ್ವೀಪದ ಇತಿಹಾಸ.

ಬೆರಳುದ್ದದ ಅಕ್ಷರದಲ್ಲಿ ಮೊದಲ ಸುದ್ದಿ:
“ಮುಖ್ಯಭೂಮಿಗೆ ಸೇತುವೆ, ಇನ್ನೆರಡೇ ವರ್ಷ: ಸಚಿವರು.”
ನಕ್ಕೆ. ಕಪಾಟಿನ ಮೇಲೆ ರೇಡಿಯೊದಲ್ಲಿ
ಈಗಿನ ಸಚಿವರು ಅದನ್ನೇ ಹೇಳುತ್ತಿದ್ದರು,
ನಡುವೆ ಒಮ್ಮೆ ಕೆಮ್ಮಿ.

ಪಕ್ಕದಲ್ಲಿ: “ಮೂರು ಕಿಲೋ ಆಲೂಗಡ್ಡೆಗೆ ಬಿಷಪ್ಪರ ಮುಖಚ್ಛಾಯೆ.”
ಕೆಳಗೆ ಸಣ್ಣಗೆ: “ಪ್ರತಿಕ್ರಿಯಿಸಲು ಬಿಷಪ್ಪರ ನಕಾರ.”
ಆಲೂಗಡ್ಡೆಯ ಅಭಿಪ್ರಾಯ ಯಾರೂ ಕೇಳಿದಂತಿಲ್ಲ.
ಇಬ್ಬರ ಪಟವೂ ಇದೆ; ಯಾವುದು ಯಾರೆಂದು
ಅಡಿಬರಹ ಓದಿಯೇ ತಿಳಿಯಬೇಕು.

“ಪುರಸಭೆ ಗಡಿಯಾರದ ರಿಪೇರಿ ಮುಗಿಯಿತು, ಸಮಾರಂಭ ಇಂದು ನಾಲ್ಕಕ್ಕೆ.”
ಆ ಗಡಿಯಾರದಲ್ಲಿ ಇವತ್ತಿಗೂ ನಾಲ್ಕಾಗಲು ಹತ್ತು ನಿಮಿಷ.
ಅತಿಥಿಗಳಿಗಾಗಿ ಕಾಯುತ್ತಿದೆ, ಪಾಪ.

“ತಿದ್ದುಪಡಿ: ಶನಿವಾರ ನಾವು ತೀರಿಕೊಂಡರೆಂದು ಬರೆದ
ಶ್ರೀ ಬೆಲಿಸಾರಿಯೊ ಕಾರ್ಕಮೊ ನಿನ್ನೆ ಕಚೇರಿಗೆ ಖುದ್ದು ಬಂದು
ಬಲವಾಗಿ ಆಕ್ಷೇಪಿಸಿದರು. ವಿಷಾದಿಸುತ್ತೇವೆ.
ಶೋಕಸಂದೇಶದ ಜಾಹೀರಾತಿನ ಹಣ ವಾಪಸು ಕೊಡುವುದಿಲ್ಲ.”

“ಕೆಮ್ಮಿಗೂ ಕುರಿಯ ಉಣ್ಣಿಗೂ ಒಂದೇ ಔಷಧ!
ಕೊಡುವ ಮುನ್ನ ಚೆನ್ನಾಗಿ ಕುಲುಕಿ. ಕುರಿಯನ್ನಲ್ಲ, ಸೀಸೆಯನ್ನು.”

“ಲೋಕವಾರ್ತೆ: ಯುರೋಪಿನಲ್ಲೂ ಏನೋ ನಡೆದಿದೆ.
ವಿವರ ಹಡಗು ಬಂದ ಮೇಲೆ.”

“ವಧು ಬೇಕಾಗಿದೆ. ಮೂವತ್ತರೊಳಗಿರಬೇಕು, ಸೌಮ್ಯ ಸ್ವಭಾವ.
ಎಲ್ಲಕ್ಕಿಂತ ಮುಖ್ಯವಾಗಿ ಆಕೆಗೆ”
ಅಲ್ಲಿ ಒಲೆಯ ಕೊಳವೆಗೆಂದು ಕೊರೆದ ತೂತು.
ಎಪ್ಪತ್ತೈದು ವರ್ಷದ ಹೊಗೆಯೆಲ್ಲ
ಆ ಒಂದು ಷರತ್ತಿನ ಮೂಲಕ ಹೊರಗೆ ಹೋಗಿದೆ.

ಮತ್ತೆ, ಒಲೆಯ ಹಿಂದೆ, ಮಸಿ ಒರೆಸಿದರೆ ಮಾತ್ರ ಕಾಣುವಲ್ಲಿ,
ಪೊಲೀಸ್ ವಾರ್ತೆ, ನಾಲ್ಕೇ ಸಾಲು:
“ರಾತ್ರಿ ಎರಡು ಗಂಟೆಗೆ ಒಹೇದಾ ಅವರ ಮನೆಯ
ತಪ್ಪು ಕಿಟಕಿಯ ಕೆಳಗೆ ಅಕಾರ್ಡಿಯನ್ ನುಡಿಸುತ್ತಿದ್ದ
ಎಲ್ಯುತೇರಿಯೊ ಬಾರಿಯಾ, ಇಪ್ಪತ್ತಮೂರು, ಬಡಗಿ, ಬಂಧನ.
ಅಕಾರ್ಡಿಯನ್ ಕೂಡ. ಬೆಳಿಗ್ಗೆ ಇಬ್ಬರಿಗೂ ಜಾಮೀನು.”

ಅಯ್ಯೋ ತಾತ!
ಇಷ್ಟಕ್ಕೇ ತಲೆಕೆಳಗು, ಇಷ್ಟಕ್ಕೇ ಹೂವು ಪಟ್ಟೆ ಹೂವು!
ಪಕ್ಕದ ಮನೆಯಲ್ಲಿ ವಾದ್ಯ ಶುರುವಾದರೆ ಸಾಕು,
ಅರ್ಧ ಊಟಕ್ಕೇ ಎದ್ದು ಹೋಗಿ
ಹಿತ್ತಲಲ್ಲಿ ಗರಗಸ ಉಜ್ಜುತ್ತಿದ್ದೆಯಲ್ಲ.

ಅಜ್ಜಿಯ ತಂಗಿ ರೊಸೆಂಡಾಗೆ ಫೋನ್ ಮಾಡಿದೆ.
ಅವಳಿಗೀಗ ತೊಂಬತ್ತೆರಡು. ಬೇಕಾದದ್ದು ಮಾತ್ರ ಕಿವಿಗೆ ಬೀಳುತ್ತದೆ.
ಗಟ್ಟಿಯಾಗಿ ಓದಿದೆ, “ತಪ್ಪು ಕಿಟಕಿಯಂತೆ!” ಎಂದು ನಕ್ಕೆ.
ಆ ಕಡೆ ನೀರು ಕುದಿಯುವ ಸದ್ದು ಬಹಳ ಹೊತ್ತು.
“ಕಿಟಕಿ ತಪ್ಪಿರಲಿಲ್ಲ,” ಅಂದಳು.
“ಪತ್ರಿಕೆಯವರ ಹಣೆಬರಹವೇ ಇಷ್ಟು, ಅರ್ಧ ಸುದ್ದಿ.”
ಆಮೇಲೆ ಆಲೂಗಡ್ಡೆ ಈಗ ಕಿಲೋಗೆ ಎಷ್ಟೆಂದು ಕೇಳಿ
ದುಬಾರಿಯಾಯಿತೆಂದು ಬೈದು ಫೋನಿಟ್ಟಳು.

ಹಿಟ್ಟು ಕಲಸಿ ಅಂಟು ಕಾಯಿಸಿದೆ. ಜೂನ್ ತಿಂಗಳು,
ಗೋಡೆಯನ್ನು ಹಾಗೇ ಬಿಡುವಂತಿಲ್ಲ.
ಹಳೆಯದರ ಮೇಲೆ ಈ ದಿನದ ಪತ್ರಿಕೆ, ಸೇತುವೆಯ ಸುದ್ದಿ ಎದುರಿಗೆ.
ಆದರೆ ನೆಟ್ಟಗೆ ಅಂಟಿಸಿದೆ:
ಮುಂದೆ ಕೀಳುವವರ ಕುತ್ತಿಗೆಯಾದರೂ ಉಳಿಯಲಿ.