ಮೂರು ಗಂಟೆ

ಒಂದು ಬಡಿದರೆ ಮೇಲೆ, ಎರಡಕ್ಕೆ ಕೆಳಗೆ,
ಮೂರು ಬಡಿದರೆ ಮನುಷ್ಯರು, ಮೆಲ್ಲಗೆ.
ಹಟ್ಟಿಯ ಗಣಿಯಲ್ಲಿ ಇಷ್ಟೇ ನನ್ನ ಓದು,
ಮೂವತ್ತೊಂದು ವರ್ಷ.

ಬಂಗಾರ ಹೆಂಗಿರತದ? ಬೀಗರ ಪ್ರಶ್ನೆ.
ನಾ ಕಂಡದ್ದು ಉಕ್ಕಿನ ಹಗ್ಗ, ಅದರ ಗ್ರೀಸು,
ಡಯಲಿನ ಮೇಲೆ ತೆವಳುವ ಮುಳ್ಳು.

ಒಮ್ಮೆ, ರಾತ್ರಿ ಪಾಳಿ,
ಎರಡನೆಯ ಬಡಿತಕ್ಕೂ ಮೂರನೆಯದಕ್ಕೂ ನಡುವೆ
ಒಂದು ಉಸಿರಿನಷ್ಟು ತಡ.
ಯಾರನ್ನೋ ಮಲಗಿಸಿ ತರುತ್ತಿದ್ದಾರೆಂದು ಕೈಗೆ ತಿಳಿಯಿತು.
ಹುಸೇನಪ್ಪನೆಂದು, ಮೇಲೆ ಬಂದಾಗ.

ಮೊನ್ನೆ ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು.

ಈಗ ನಸುಕಿನಲ್ಲಿ ಯಂಕಮ್ಮ ರೊಟ್ಟಿ ಬಡಿಯುತ್ತಾಳೆ:
ಬಡಿದು, ಬಡಿದು, ಬಡಿದು,
ಹಿಟ್ಟು ಉದುರಿಸಲು ನಿಲ್ಲುತ್ತಾಳೆ.
ಹೊರಸಿನ ಅಂಚಿನಲ್ಲಿ ನನ್ನ ಕೈ
ಬ್ರೇಕು ಹುಡುಕುತ್ತದೆ,
ಮೆಲ್ಲಗೆ.