ಷರಾ

ಲಾಗ್‌ಬುಕ್ಕಿನಲ್ಲಿ ಆರು ಕಾಲಂ:
ವೇಳೆ, ವೋಲ್ಟೇಜು, ಲೋಡು, ಎಣ್ಣೆಯ ಬಿಸಿ, ಸಹಿ,
ಕಟ್ಟಕಡೆಗೆ ಷರಾ.
ಹನ್ನೊಂದು ವರ್ಷ ಅದರಲ್ಲಿ
'ಏನೂ ಇಲ್ಲ' ಎಂದೇ ಬರೆದಿದ್ದೇನೆ.

ಕೊಲ್ಹಾರದ ಸಬ್‌ಸ್ಟೇಷನ್ನು, ಮೇ ತಿಂಗಳು, ಹಗಲು ಪಾಳಿ.
ಅಂಗಳದ ಜಲ್ಲಿಯ ಮೇಲೆ ಗಾಳಿ ನೀರಿನಂತೆ ನಡುಗುತ್ತದೆ.
ಟ್ರಾನ್ಸ್‌ಫಾರ್ಮರು ಗುಂಯ್ ಎನ್ನುತ್ತದೆ
ಜ್ವರ ಬಂದವರು ನಿದ್ದೆಯಲ್ಲಿ ನರಳುವ ಹಾಗೆ.
ಕಿಟಕಿ ತೆರೆದರೆ
ಮೂಡಲಿಗೆ ಕೂಡಗಿಯ ಚಿಮಣಿ, ನೆಟ್ಟಗೆ;
ತೆಂಕಲಿಗೆ ಹೊಳೆಯ ಹಿನ್ನೀರು ಸರಿದು
ಬಾಯಿಬಿಟ್ಟ ಎರಿ;
ಪಡುವಲ ದಿಬ್ಬದ ಮೇಲೆ ಗಾಳಿಪಂಖಗಳು
ಆಷಾಢಕ್ಕೆ ಕಾಯುತ್ತ ಕೈಚೆಲ್ಲಿ ನಿಂತಿವೆ.

ಮೂರೂ ಹತ್ತಕ್ಕೆ ಫೋನು.
"ನಿಮ್ಮ ಪಾಲಿಂದ ಎಂಟು ಮೆಗಾವ್ಯಾಟ್ ಇಳಸ್ರಿ ಮೇಡಂ, ಈಗಿಂದೀಗ.
ಫ್ರೀಕ್ವೆನ್ಸಿ ಬೀಳಾಕತ್ತೈತಿ."
ಯಾರದು ಇಳಿಸಲಿ? ಅದನ್ನವರು ಹೇಳುವುದಿಲ್ಲ.
ಗೋಡೆಯ ಕ್ಯಾಲೆಂಡರಿನಲ್ಲಿ
೨೦೭೦ರ ಹೊತ್ತಿಗೆ ಹೊಗೆ ಸೊನ್ನೆ ಎಂಬ ಮಾತಿದೆ,
ಹಸಿರು ಅಕ್ಷರ, ನಗುವ ಮಗು.
ನನಗೆ ಕೊಟ್ಟದ್ದು ಮೂರು ನಿಮಿಷ.

ಎರಡನೆಯ ಫೀಡರು ಒಣದ್ರಾಕ್ಷಿಯ ಶೀತಗೃಹ.
ಮೂರನೆಯದು ಕಬ್ಬಿನ ಪಂಪುಗಳು; ನಮ್ಮಣ್ಣನದೂ ಒಂದು.
ಐದು, ಊರು.
ಊರೊಳಗೆ ಹೆರಿಗೆ ವಾರ್ಡು,
ಫ್ಯಾನಿನಡಿ ಮಲಗಿದ ಕೂಸುಗಳು,
ಮತ್ತೆ ಬಸ್‌ಸ್ಟ್ಯಾಂಡಿನ ಜನ್ನತಬಿಯ ಫ್ರಿಜ್ಜು.

ಜನ್ನತಬಿ ಮೊಸರು ಮಾರುವವಳು.
ಗಡಿಗೆ ಬೋರಲು ಹಿಡಿದು ತೋರಿಸುತ್ತಾಳೆ ಬಸ್ಸಿನ ಕಿಟಕಿಗೆ:
"ನೋಡ್ರಿ, ಬೀಳೂದಿಲ್ಲ."
ಅವಳ ಅತ್ತೆಯ ಕಾಲಕ್ಕೆ ಮುಂಜಾನೆಯ ಮೊಸರು
ಸಂಜೆಯ ಬಸ್ಸಿನತನಕ ಸಿಹಿ.
ಈಗ ಹನ್ನೊಂದಕ್ಕೇ ಹುಳಿ.
"ಕಂತಿನ ಮ್ಯಾಲ ಫ್ರಿಜ್ ತಂದೆ.
ಮುಂದ ತಂಪ ಇಡತೈತಿ, ಹಿಂದ ಬಿಸಿ ಉಗಳತೈತಿ.
ನಾ ನಡಕ ಕುಂತೀನಿ."
ಇದಕ್ಕಿಂತ ಚೆಂದಾಗಿ ಈ ಲೋಕವನ್ನು
ಯಾವ ತರಬೇತಿಯಲ್ಲೂ ನನಗೆ ವಿವರಿಸಿಲ್ಲ.

ಹೋದ ವಾರ ಪಂಚಾಯ್ತಿಯಲ್ಲಿ ಸೋಲಾರ್ ಗುತ್ತಿಗೆಯ ಸಭೆ.
ನಕ್ಷೆ ಹಾಸಿದರು: ಇಪ್ಪತ್ತೆಂಟು ವರ್ಷ, ಎಕರೆಗೆ ಇಷ್ಟು.
ನಾನೂ ಹೂಂಗುಟ್ಟಿದೆ; ಬೂದಿಯಿಲ್ಲದ ಕರೆಂಟು ಯಾರಿಗೆ ಬೇಡ?
ಕುರಿಯ ಮಾಳಿಂಗರಾಯ ಎದ್ದು ನಿಂತ, ಕಂಬಳಿ ಹೆಗಲಿಗೆ.
"ಬಿಸಲು ನೀವs ಒಯ್ರಿ, ತಕರಾರಿಲ್ಲ.
ಆ ಗಾಜಿನ ತೆಳಗ ನೆರಳ ಬೀಳತೈತೆಲ್ಲ,
ಅದು ಯಾರದು?"
ಅಧಿಕಾರಿ ಕಾಗದ ತಿರುವಿದರು.
ಬಿಸಿಲಿಗೆ ಕಲಮು ಇತ್ತು, ಬೇಲಿಗೂ ಇತ್ತು,
ನೆರಳಿಗೆ ಇರಲಿಲ್ಲ.
ನಾವೆಲ್ಲ ನಕ್ಕೆವು. ಆಮೇಲೆ ಯಾಕೋ
ನಕ್ಕ ಬಾಯಿ ಒಣಗಿತು.

ಎರಡು ನಿಮಿಷ ಆಗಲೇ ಹೋಗಿತ್ತು.
ಮೂರನ್ನು ಕೆಡವಿದೆ; ಸಾಲಲಿಲ್ಲ.
ಐದನ್ನೂ ಕೆಡವಿದೆ.
ಆಸ್ಪತ್ರೆಗೆ ಜನರೇಟರಿದೆ ಎಂದು ನನಗೆ ನಾನೇ ಹೇಳಿಕೊಂಡೆ,
ಡೀಸೆಲ್ ಇದೆಯೋ ಕೇಳಲಿಲ್ಲ.
ಬ್ರೇಕರಿನ ಸದ್ದು
ಕಾಯಿ ಒಡೆದಷ್ಟೇ.
ಅಣ್ಣ ನಾಲ್ಕು ಸಲ ಫೋನು ಮಾಡಿದ. ಎತ್ತಲಿಲ್ಲ.

ಪಾಳಿ ಬದಲಾಗುವ ಮುಂಚೆ
ಲೈನ್‌ಮನ್ ಸಂಗನಬಸು ಒಂದು ಗಡಿಗೆ ತಂದ.
"ಅರ್ಧಾ ರೊಕ್ಕಾ ತೊಗೊಂಡ್ಳ್ರಿ. ಹುಳಿ ಆಗೈತಿ ಅಂತ."
ಅನ್ನಕ್ಕೆ ಕಲಸಿಕೊಂಡೆ.
ಹುಳಿ ಹಲ್ಲಿಗಿಳಿಯಿತು.
ಪುಸ್ತಕ ಎಳೆದುಕೊಂಡು ಆರನೆಯ ಕಾಲಮಿನಲ್ಲಿ ಬರೆದೆ:
ಮೊಸರು ಹುಳಿಯಾಗಿದೆ. ನೆರಳಿನ ವಿಚಾರ ಬಾಕಿ.

ತಿಂಗಳ ತಪಾಸಣೆಗೆ ಬಂದ ಇಂಜಿನಿಯರು
ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕೇಳಿದ್ದಾರೆ:
"ಇದಕ್ಕೂ ಲೋಡಿಗೂ ಏನು ಸಂಬಂಧ? ವಿವರಣೆ ಕೊಡಿ."
ಕೆಳಗೆ ಎರಡು ಬೆರಳು ಜಾಗ ಬಿಟ್ಟಿದ್ದಾರೆ.
ಸಾಲುವುದಿಲ್ಲ.
ಹಾಳೆ ಅಂಟಿಸಿ ಬರೆಯುತ್ತಿದ್ದೇನೆ.