ನವೆಂಬರಿನಿಂದ, ಅಲ್ಪವಿರಾಮ

ಗ್ರಿಮ್ಸ್‌ಬಿ. ಗ್ರಂಥಾಲಯದ ಮೇಲಿನ ಕೋಣೆ. ಮಂಗಳವಾರ ಸಂಜೆ ಏಳು.
ಮೀನಿನ ಫ್ಯಾಕ್ಟರಿಯಿಂದ ನೆಟ್ಟಗೆ ಇಲ್ಲಿಗೇ ಬಂದವರು ನಾವು,
ಎಷ್ಟು ತಿಕ್ಕಿದರೂ ಬೆರಳಿಂದ ಹೋಗದ ಹ್ಯಾಡಕ್ ವಾಸನೆ.
ಔತ್‌ವೇಟ್ ಮೇಡಂ ಕಿಟಕಿ ತೆರೆಯುವುದಿಲ್ಲ.
ಅದು ಅವರು ನಮಗೆ ಕೊಡುವ ಮರ್ಯಾದೆ.

ಇವತ್ತಿನ ಪಾಠ: ಕಾಲ ಎಲ್ಲಿ ಕೂರಬೇಕು.
ಯೆಸ್ಟರ್‌ಡೇ ವಾಕ್ಯದ ಕೊನೆಗೆ ಕೂರಬಹುದು,
ಬೇಕೆಂದರೆ ಮೊದಲಿಗೂ.
ಆದರೆ ತಿಂದೆ ಅನ್ನುವುದಕ್ಕೂ ಮೀನಿಗೂ ನಡುವೆ
ನಿನ್ನೆಯನ್ನು ತೂರಿಸಬೇಡಿ,
ಬಾಯಿಗೂ ತುತ್ತಿಗೂ ಅಡ್ಡ ಕೈ ಹಾಕಿದ ಹಾಗೆ.

ರಿಮ್ವಿದಾಸ್ ತೂರಿಸುತ್ತಾನೆ, ವಾರ ವಾರವೂ:
ಐ ಡ್ರ್ಯಾಂಕ್ ಯೆಸ್ಟರ್‌ಡೇ ಬಿಯರ್.
ಅವನ ಲಿಥುವೇನಿಯಾದಲ್ಲಿ ಪದಗಳಿಗೆ ಸೀಟು ನಂಬರೇ ಇಲ್ಲವಂತೆ.
ಲೆತೆಬ್ರಹಾನಳ ತಿಗ್ರಿನ್ಯಾದಲ್ಲಿ ಕಾಲ ಮೊದಲು, ಕ್ರಿಯೆ ಕಟ್ಟಕಡೆಗೆ,
ನಡುವೆ ಇಡೀ ಸಂಸಾರ.

ಅವಳು ಮನೆ ಮಾಲೀಕನಿಗೆ ಬರೆದ ಕಾಗದ ತಂದಿದ್ದಳು:
ದಿ ಬಾಯ್ಲರ್ ಸಿನ್ಸ್ ನವೆಂಬರ್ ಈಸ್ ನಾಟ್ ವರ್ಕಿಂಗ್.
ಮೇಡಂ ಕೆಂಪು ಬಾಣ ಎಳೆದು ನವೆಂಬರನ್ನು ಕೊನೆಗೆ ಕಳಿಸಿದರು.
'ಕೊನೆವರೆಗೆ ಅವನು ಓದಲ್ಲ, ಮೇಡಂ.'

ಆ ಬಾಣವನ್ನೇ ಸ್ವಲ್ಪ ಹೊತ್ತು ನೋಡಿದರು ಮೇಡಂ.
ಹೊಡೆದು ಹಾಕಿದರು.
ನವೆಂಬರನ್ನು ಎತ್ತಿ ಎಲ್ಲರಿಗಿಂತ ಮುಂದೆ ಕೂರಿಸಿದರು.
'ಇಲ್ಲೊಂದು ಅಲ್ಪವಿರಾಮ. ಇಲ್ಲಿ ಉಸಿರು ತಗೋ.'

ನವೆಂಬರಿನಿಂದ,

ಆ ಪುಟ್ಟ ಗಾಳಕ್ಕೆ ಸಿಕ್ಕಿ ತೂಗುತ್ತಿದ್ದವು
ಕೋಟು ತೊಟ್ಟೇ ಮಲಗುವ ಮಗು,
ಕೆಟಲ್ ಕೆಟಲಾಗಿ ಕಾಯಿಸಿದ ಸ್ನಾನ,
ಮಂಚದ ಹಿಂದೆ ದಿನಕ್ಕೊಂದು ಬೆರಳಗಲ ಏರುವ ಬೂಷ್ಟು.

ಉತ್ತರ ಬಂತು ಫೆಬ್ರವರಿಯಲ್ಲಿ:
ವಿ ವಿಲ್ ಸೆಂಡ್ ಸಮ್‌ಒನ್ ಸೂನ್.
ರಿಮ್ವಿದಾಸ್ ಬೆರಳಿಟ್ಟು ಪರೀಕ್ಷಿಸಿದ.
ಸೂನ್ ಸರಿಯಾದ ಜಾಗದಲ್ಲೇ ಇದೆ, ವ್ಯಾಕರಣ ಶುದ್ಧ.
ನಾಳೆ ಎಂದವನ ಮನೆ ಹಾಳು, ಗಾದೆಯಲ್ಲಿ.
ಇಲ್ಲಿ ನಾಳೆ ಎಂದವನದೇ ಮನೆ.

ಎರಡನೆಯ ಕಾಗದ ಬರೆಯುವಾಗ ಲೆತೆಬ್ರಹಾನ್
ಯಾರನ್ನೂ ಏನೂ ಕೇಳಲಿಲ್ಲ.
ಜಾಗ ಮೊದಲು, ಆಮೇಲೆ ಗಂಟೆ, ಆಮೇಲೆ ದಿನ:
ನಾವು ಬರುತ್ತೇವೆ, ನಿಮ್ಮ ಆಫೀಸಿಗೆ, ಒಂಬತ್ತಕ್ಕೆ, ಬುಧವಾರ.

ಮೇಡಂ ಕೆಂಪು ಪೆನ್ನಿನ ಮುಚ್ಚಳ ತೆಗೆದರು,
ತಿದ್ದಲು ಏನೂ ಸಿಗದೆ
ಸಹಿ ಹಾಕಿದರು.
ಕಾಗದ ಕೈಯಿಂದ ಕೈಗೆ ಹೋಯಿತು. ಹನ್ನೊಂದು ಸಹಿ.
ಲಕೋಟೆ ಅಂಟಿಸಿದ ಮೇಲೂ
ಹ್ಯಾಡಕ್ ವಾಸನೆ.